ದನಿ ನುಂಗುವ ಗೋಡೆ

ಕಾಂದಿವಲಿ ಪೂರ್ವ
3 ಜೂನ್ 2024

ಅಮ್ಮಣ್ಣಿಯವರಿಗೆ,

ನಿನ್ನೆ ಲಿಫ್ಟಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀವು, "ಏನಿದ್ರೂ ಬರೆದು ಕೊಡಮ್ಮ. ಕನ್ನಡದಲ್ಲಿ ಬರಿ. ಇಂಗ್ಲಿಷಿನಲ್ಲಿ ಬರೆದ್ರೆ ಸೆಕ್ರೆಟರಿ ಓದ್ತಾನೆ, ನಾನು ಓದಲ್ಲ" ಎಂದಿರಿ. ಅಷ್ಟರಲ್ಲಿ ನನ್ನ ಮಹಡಿ ಬಂತು. ಆದ್ದರಿಂದ ಬರೆಯುತ್ತಿದ್ದೇನೆ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಕನ್ನಡ ಬರೆಯುವುದನ್ನು ಮನೆಯಲ್ಲಿ ಅಮ್ಮನ ಹಟಕ್ಕೆ ಕಲಿತವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾನು ನಿಮ್ಮ ಕೆಳಗಿನ 302ರ ಭಾವನಾ. ಎರಡು ವರ್ಷದ ಹಿಂದೆ ವಿಕ್ರೋಳಿಯ ಆಫೀಸು ಬಿಟ್ಟೆ. ಈಗ ಮನೆಯಲ್ಲೇ ಕೂತು ದನಿ ಕೊಡುವ ಕೆಲಸ ಮಾಡುತ್ತೇನೆ. ಮಲಾಡಿನ ಒಂದು ಸಂಸ್ಥೆಗೆ ಶಾಲೆಯ ಪಾಠಗಳನ್ನು ಕನ್ನಡದಲ್ಲಿ ಓದಿ ರೆಕಾರ್ಡ್ ಮಾಡಿ ಕಳಿಸುವುದು, ವಿಮೆಯವರ ಫೋನಿನಲ್ಲಿ "ದಯವಿಟ್ಟು ಕಾಯಿರಿ" ಎನ್ನುವುದು, ಇಂಥವು. ಪಕ್ಕದ ಪ್ಲಾಟಿನಲ್ಲಿ ಹಗಲೆಲ್ಲ ಕಂಬ ಹೂಳುವ ಯಂತ್ರ ಓಡುತ್ತದೆ. ಹಾಗಾಗಿ ನನಗೆ ಸಿಗುವುದು ಬೆಳಗಿನ ಹೊತ್ತು ಮತ್ತು ಸಂಜೆ. ನೀವು ಸಂಗೀತ ಪಾಠ ಮಾಡುವುದೂ ಬೆಳಗ್ಗೆ ಮತ್ತು ಸಂಜೆ. ಕಳೆದ ವಾರ ಏಳನೆಯ ತರಗತಿಯ ವಿಜ್ಞಾನದ ಪಾಠ ವಾಪಸು ಬಂತು. ಎಲೆ ಬೆಳಕನ್ನು ಹೀರುತ್ತಿರುವಾಗ ಹಿಂದೆ ಯಾರೋ ಸರಳೆ ಹಾಡುತ್ತಿದ್ದಾರೆ ಎಂದು ಸಂಸ್ಥೆಯಲ್ಲಿ ರೆಕಾರ್ಡಿಂಗು ಪರೀಕ್ಷಿಸುವ ಮೋಹಿನಿ ಬರೆದಿದ್ದಾರೆ.

ನಮ್ಮ ಕಟ್ಟಡದ ಸೊಸೈಟಿಯ ಸುತ್ತೋಲೆ ನೀವೂ ನೋಡಿರುತ್ತೀರಿ. ಮನೆಯಲ್ಲಿ ಕ್ಲಾಸು ನಡೆಸುವವರು ಸೆಪ್ಟೆಂಬರ್ ಕೊನೆಯ ಮಹಾಸಭೆಯೊಳಗೆ ಮೇಲೆ, ಕೆಳಗೆ, ಪಕ್ಕದ ಮನೆಗಳಿಂದ ಆಕ್ಷೇಪಣೆ ಇಲ್ಲವೆಂದು ಸಹಿ ತರಬೇಕು. ತರದಿದ್ದರೆ ಕ್ಲಾಸು ನಿಲ್ಲಬೇಕು. ಕೆಳಗಿನ ಮನೆ ಎಂದರೆ ನಾನು. ಈ ಅಧಿಕಾರವನ್ನು ನಾನು ಕೇಳಿರಲಿಲ್ಲ, ನನಗೆ ಅದು ಹಿತವಾಗಿಯೂ ಇಲ್ಲ. ಆದರೆ ಕಣ್ಣು ಮುಚ್ಚಿ ಸಹಿ ಹಾಕಿದರೆ ನನ್ನ ಕೆಲಸ ಹೋಗುತ್ತದೆ. ಬೇರೆ ದಾರಿ ಹುಡುಕಬಹುದೇ?

ನಿಮ್ಮ ಕೆಳಮನೆಯ
ಭಾವನಾ


402
6 ಜೂನ್ 2024

ಭಾವನಾಗೆ,

ಕಾಗದ ಬಾಗಿಲ ಕೆಳಗೆ ತೂರಿ ಬಂದದ್ದರಿಂದ ಮೊದಲು ಇಸ್ತ್ರಿಯವನ ಚೀಟಿ ಎಂದುಕೊಂಡೆ. ನಿನ್ನ ಕನ್ನಡದಲ್ಲಿ ತಪ್ಪೇನೂ ಇಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ನಾನು ಮೈಸೂರಿನಿಂದ ಮದುವೆಯಾಗಿ ಬಂದಾಗ ಈ ಜಾಗದಲ್ಲಿ ಎರಡು ಮಹಡಿಯ ಹಳೆಯ ಕಟ್ಟಡವಿತ್ತು. ಒಂದೊಂದು ಗೋಡೆಯೂ ಮೊಳ ದಪ್ಪ. ಪಕ್ಕದ ಮನೆಯಲ್ಲಿ ಗಂಡ ಹೆಂಡತಿ ಜಗಳವಾಡಿದ್ದು ನನಗೆ ತಿಳಿಯುತ್ತಿದ್ದುದು ಮರುದಿನ ಅವರ ಮುಖ ನೋಡಿದ ಮೇಲೆ. ಅದನ್ನು ಕೆಡವಿ ಈ ಟವರ್ ಎಬ್ಬಿಸಿದರು. ಕಾಂಕ್ರೀಟ್ ಗೋಡೆ, ಆಳೆತ್ತರದ ಗಾಜು, ನೆಲಕ್ಕೆಲ್ಲ ಕನ್ನಡಿಯಂಥ ಟೈಲ್ಸ್. ಈಗ ಮೇಲಿನ ಮನೆಯಲ್ಲಿ ಚಮಚ ಬಿದ್ದರೆ ನನ್ನ ತಲೆಯೊಳಗೆ ಬಿದ್ದ ಹಾಗೆ. ಆ ಚಮಚಕ್ಕೆ ಯಾರೂ ಸಹಿ ಕೇಳುವುದಿಲ್ಲ. ಸಂಗೀತಕ್ಕೆ ಕೇಳುತ್ತಾರೆ.

ನಿನ್ನ ಮನೆಯದೂ ನನಗೆ ಕೇಳುತ್ತದೆ, ಗೊತ್ತಿರಲಿ. ಒಂದೇ ವಾಕ್ಯವನ್ನು ಎಷ್ಟು ಸಲ ಹೇಳುತ್ತೀಯ! ಮೊನ್ನೆ "ದಯವಿಟ್ಟು ಕಾಯಿರಿ, ದಯವಿಟ್ಟು ಕಾಯಿರಿ" ಎಂದು ಕೆಳಗಿನಿಂದ ಬರುತ್ತಿದ್ದರೆ ನನ್ನ ಹೊಸ ಹುಡುಗಿಯೊಬ್ಬಳು ಪಾಠ ನಿಲ್ಲಿಸಿ ನಿಜವಾಗಿ ಕಾಯುತ್ತ ಕೂತಳು.

ನನಗೆ ಈ ಕ್ಲಾಸು ಕಾಲಕ್ಷೇಪವಲ್ಲ. ಯಜಮಾನರು ಹೋದ ಮೇಲೆ ನಾನು ಬೆಳಗ್ಗೆ ಎದ್ದು ತಲೆ ಬಾಚಿಕೊಳ್ಳುವುದು ಆ ಮಕ್ಕಳು ಬರುತ್ತಾರೆಂದು. ಅದನ್ನು ಬಿಡುವುದಿಲ್ಲ. ದಾರಿ ಹುಡುಕುವುದಿದ್ದರೆ ನೀನೇ ಹುಡುಕು, ಓದಿದವಳು.

ನಿನ್ನ ತಲೆಯ ಮೇಲಿರುವ
ಅಮ್ಮಣ್ಣಿ


302
22 ಜೂನ್ 2024

ಅಮ್ಮಣ್ಣಿಯವರಿಗೆ,

ದಾರಿ ಹುಡುಕಿದೆ, ಅಥವಾ ಹುಡುಕಿದೆನೆಂದು ಭಾವಿಸಿದ್ದೆ.

ಅಂತರ್ಜಾಲದಲ್ಲಿ ಹಲವು ದಿನ ಓದಿ ನನ್ನ ರೆಕಾರ್ಡಿಂಗ್ ಕೋಣೆಗೆ ಅಕೂಸ್ಟಿಕ್ ಪ್ಯಾನಲ್ ಹಾಕಿಸಿದೆ. ಬಟ್ಟೆ ಸುತ್ತಿದ ಗಾಜಿನ ಉಣ್ಣೆಯ ಹಲಗೆಗಳು, ಮೂಲೆಗಳಿಗೆ ಫೋಮು. ಹಾಕಿದವನು ಸಾಯಬಣ್ಣ ಎಂಬಾತ, ಕಲಬುರಗಿ ಕಡೆಯವನು, ಇಲ್ಲೇ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅಂಗಡಿ. "ಅಕ್ಕಾರ, ಇದನ್ನ ಹಚ್ಚಿದ ಮ್ಯಾಲ ಒಳಗ ಢೋಲ್ ಬಾರಿಸ್ರಿ, ಹೊರಗಿನ ಸೊಳ್ಳಿಗೂ ಕೇಳಂಗಿಲ್ಲ. ಹೊರಗ ಬ್ಯಾಂಡ್ ಬಂದ್ರ ಒಳಗ ನಿಮಗ ಗೊತ್ತಾಗಂಗಿಲ್ಲ" ಎಂದ. ಮಲಾಡಿನ ಒಂದು ಜಿಮ್ಮಿನ ಉದಾಹರಣೆ ಕೊಟ್ಟ. ನಾನು ನಂಬಿದೆ. ಅಷ್ಟು ಖಚಿತವಾಗಿ ಮಾತಾಡುವವರನ್ನು ನಾನು ಯಾವಾಗಲೂ ನಂಬುತ್ತೇನೆ, ಇದು ನನ್ನ ಒಂದು ತೊಂದರೆ.

ನಿನ್ನೆ ಮೋಹಿನಿ ಫೋನು ಮಾಡಿದರು. "ಮೇಡಂ, ರೂಮ್ ಬಹಳ ಚೆಂದ ಆಗೇದ. ಮೊದಲ ನಿಮ್ಮ ಮಾತು, ಎಕೋ, ಹಾಡು ಎಲ್ಲಾ ಕಲಸಿ ಹೋಗಿತ್ತು. ಈಗ ಎಕೋ ಪೂರಾ ಹೋತು. ಹಾಡು ಕ್ಲಿಯರ್ ಕೇಳಸ್ತದ. ಕಲ್ಯಾಣಿ ಏನ್ರಿ ಅದು?"

ನನ್ನ ಗಂಡ ರೋಹಿತ್ ನಕ್ಕೂ ನಕ್ಕೂ ಊಟದ ತಟ್ಟೆ ಬದಿಗಿಟ್ಟರು. ನನಗೆ ನಗು ಬರಲಿಲ್ಲ.

ಮತ್ತೆ ಯೋಚಿಸಿದೆ. ಶಬ್ದ ಹುಟ್ಟುವ ಕಡೆಯಲ್ಲೇ ಹಿಡಿಯಬೇಕು, ಬರುವ ಕಡೆಯಲ್ಲಲ್ಲ. ತರ್ಕ ಸರಿಯಾಗಿದೆ ಅನಿಸುತ್ತದೆ. ನೀವು ಪಾಠ ಮಾಡುವ ಕೋಣೆಗೆ ನಾನೇ ಪ್ಯಾನಲ್ ಹಾಕಿಸಿಕೊಡುತ್ತೇನೆ. ನಿಮಗೆ ಏನೂ ಹೊರೆಯಿಲ್ಲ. ಅದಾದ ಮೇಲೆ ಶಬ್ದ ನಿಂತರೆ ಅದೇ ದಿನ ಸಹಿ ಹಾಕಿಕೊಡುತ್ತೇನೆ. ಒಪ್ಪುತ್ತೀರಾ?

ಭಾವನಾ


402
4 ಜುಲೈ 2024

ಭಾವನಾಗೆ,

ಒಪ್ಪಿದೆ. ಇಷ್ಟಪಟ್ಟಲ್ಲ, ನಿನ್ನ ಸಹಿ ಬೇಕಾದ್ದರಿಂದ.

ನಿನ್ನ ಸಾಯಬಣ್ಣ ಇಬ್ಬರು ಆಳುಗಳೊಂದಿಗೆ ಬಂದು ಎರಡು ದಿನ ನನ್ನ ಮನೆಯನ್ನು ಗೋದಾಮು ಮಾಡಿದ. ಬಂದವನೇ "ಅಜ್ಜಿ, ಗ್ವಾಡಿ ಮ್ಯಾಲಿನ ಫೋಟೋ ಎಲ್ಲ ತಗೀರಿ" ಅಂದ. ಅಜ್ಜಿಯಂತೆ! ನನ್ನ ಗುರುಗಳ ಫೋಟೋ, ಯಜಮಾನರ ಫೋಟೋ, ಸರಸ್ವತಿ ಪಟ, ಎಲ್ಲ ಕೆಳಗಿಳಿದವು. "ನೀನು ಹಾಡ್ತೀಯೇನಪ್ಪ?" ಅಂತ ಕೇಳಿದೆ. "ಇಲ್ರಿ, ನಂದು ಫಿಟಿಂಗ್." "ಹಾಡು ಕೇಳ್ತೀಯಾ?" "ಗಾಡ್ಯಾಗ ಕೇಳ್ತೀನ್ರಿ, ಫುಲ್ ಬಾಸ್." ಸರಿ, ಇವನ ಕೈಗೆ ನನ್ನ ಕೋಣೆ ಎಂದುಕೊಂಡೆ.

ಬಣ್ಣ ಕೇಳಿದರೆ ಎರಡೇ ಇದೆ ಎಂದ. ಒಂದು ನೇರಳೆ, ಒಂದು ಸಾಸಿವೆ. ಎರಡನ್ನೂ ಹಾಕಿಹೋಗಿದ್ದಾನೆ. ಛಾವಣಿಗೆ ಹಾಕಿದ್ದು ಗುಂಡಿ ಗುಂಡಿಯಾಗಿ ಥೇಟು ಮೊಟ್ಟೆಯ ಟ್ರೇ. ನನ್ನ ಮನೆಗೆ ಮೊಟ್ಟೆಯ ಆಕಾರವಾದರೂ ಬಂದದ್ದು ಇದೇ ಮೊದಲು. ಗುರುಗಳ ಫೋಟೋ ಈಗ ಅಡುಗೆಮನೆಯಲ್ಲಿದೆ, ಮಿಕ್ಸಿಯ ಪಕ್ಕ.

ಕಿಟಕಿ ಮುಚ್ಚಬೇಕಂತೆ. ಅದನ್ನು ಮಾತ್ರ ಮುಚ್ಚುವುದಿಲ್ಲ. ಕಾಂದಿವಲಿಯ ಸೆಖೆಯಲ್ಲಿ ಮಕ್ಕಳನ್ನು ಬೇಯಿಸಲಾರೆ.

ಇನ್ನು ನಾಳೆಯಿಂದ ಪಾಠ. ಕಿವಿಯಿಟ್ಟು ಕೇಳಿಸಿಕೋ, ಕೇಳಿಸದಿದ್ದರೆ ಸಹಿ ಹಾಕು.

ನೇರಳೆ ಗೋಡೆಗಳ ನಡುವಿನಿಂದ
ಅಮ್ಮಣ್ಣಿ


302
17 ಜುಲೈ 2024

ಅಮ್ಮಣ್ಣಿಯವರಿಗೆ,

ಇದನ್ನು ಹೇಗೆ ಬರೆಯುವುದು ಎಂದು ಎರಡು ದಿನ ಯೋಚಿಸಿದೆ. ನಿಮ್ಮ ಮೇಲೆ ತಪ್ಪು ಹೊರಿಸುತ್ತಿದ್ದೇನೆ ಅನಿಸಬಾರದು. ಆದರೆ ಬೇರೆ ರೀತಿಯಲ್ಲಿ ಹೇಳಲು ಬರುತ್ತಿಲ್ಲ.

ಪ್ಯಾನಲ್ ಹಾಕಿಸಿದ ಮೇಲೆ ನೀವು ಮೊದಲಿಗಿಂತ ಜೋರಾಗಿ ಹಾಡುತ್ತಿದ್ದೀರಿ. ಮಕ್ಕಳೂ ಅಷ್ಟೇ. ಮೊದಲು ನನ್ನ ಕೋಣೆಯಲ್ಲಿ ಸ್ವರ ಕೇಳಿಸುತ್ತಿತ್ತು, ಈಗ ಸಾಹಿತ್ಯದ ಒಂದೊಂದು ಅಕ್ಷರವೂ ಕೇಳಿಸುತ್ತದೆ. ಇದು ಹಟಕ್ಕಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ರೋಹಿತ್ ಅದನ್ನು ನಂಬುವುದಿಲ್ಲ. "ನೀನು ಅವರ ಗೋಡೆಗೆ ಹಾಸಿಗೆ ಹೊಲಿಸಿದ್ರೆ ಅವರು ಸುಮ್ನಿರ್ತಾರಾ?" ಎನ್ನುತ್ತಾರೆ.

ಸಾಯಬಣ್ಣನಿಗೆ ಫೋನು ಮಾಡಿದೆ. "ಹೌದೇನ್ರಿ? ಹಂಗಾರ ಇನ್ನೊಂದು ಲೇಯರ್ ಹಚ್ಚೋಣ್ರಿ" ಎಂದ. ನಾನು ಫೋನು ಇಟ್ಟೆ.

ಸಂಸ್ಥೆಯವರು ಈ ತಿಂಗಳು ನೋಡುತ್ತೇವೆ ಎಂದಿದ್ದಾರೆ. ಆಮೇಲೆ ನನ್ನ ಪಾಠಗಳನ್ನು ಬೇರೆಯವರಿಗೆ ಕೊಡುತ್ತಾರೆ. ದಯವಿಟ್ಟು ಸ್ವಲ್ಪ ಮೆಲ್ಲಗೆ ಹಾಡಲಾಗುತ್ತದೆಯೇ?

ಭಾವನಾ


402
18 ಜುಲೈ 2024

ಭಾವನಾ,

ಹಟಕ್ಕೆ ಕಿರುಚುವ ವಯಸ್ಸು ನನ್ನದಲ್ಲ. ಅದನ್ನು ನಿನ್ನ ಗಂಡನಿಗೂ ತಿಳಿಸು.

ನನ್ನ ಕಷ್ಟ ಕೇಳು. ಬಾಯಿಂದ ಹೊರಟ ಸ್ವರ ಎಲ್ಲಿಗೆ ಹೋಗುತ್ತದೋ ತಿಳಿಯುತ್ತಿಲ್ಲ. ಮೊದಲು ಷಡ್ಜ ಹಿಡಿದರೆ ಅದು ಒಂದು ಸುತ್ತು ಹೋಗಿ ನನ್ನ ಬಳಿಗೆ ಬರುತ್ತಿತ್ತು. ಅದರ ಮೇಲೆ ಮುಂದಿನದನ್ನು ಇಡುತ್ತಿದ್ದೆ. ಈಗ ತುಟಿ ದಾಟಿದ ಕೂಡಲೇ ಸತ್ತು ಬೀಳುತ್ತದೆ. ಇನ್ನಷ್ಟು ದಮ್ಮು ಹಾಕುತ್ತೇನೆ, ಅದೂ ಸಾಯುತ್ತದೆ. ಅರ್ಧ ಗಂಟೆಯಲ್ಲಿ ಗಂಟಲು ಉರಿ. ಮಕ್ಕಳ ಶ್ರುತಿ ಇಳಿದು ಹೋಗುತ್ತಿದೆ, ತಿದ್ದಲು ಹೋದರೆ ನನ್ನದೇ ಇಳಿದಿರುತ್ತದೆ.

ನಿನ್ನೆ ಸಂಹಿತಾ ಬಂದಿದ್ದಳು. ನನ್ನಲ್ಲಿ ಹನ್ನೆರಡು ವರ್ಷ ಕಲಿತವಳು, ಈಗ ಮಲಾಡಿನಲ್ಲಿ ಕೆಲಸ. ಹುಟ್ಟಿದ್ದು ಇಲ್ಲೇ, ಅವಳ ಕನ್ನಡ ಹಿಂದಿ ಬೆರೆತ ಕಿಚಡಿ. ಕೇಳಿ ಕೇಳಿ, "ಟೀಚರ್, ಆಜ್ ನಿಮ್ದು ಆವಾಜ್... ಥೋಡಾ ಟಯರ್ಡ್ ಇದೆ ಅಲ್ವಾ?" ಎಂದಳು. ಹನ್ನೆರಡು ವರ್ಷದಲ್ಲಿ ಆ ಹುಡುಗಿ ನನ್ನ ದನಿಯ ಬಗ್ಗೆ ಮಾತಾಡಿದ್ದು ಇದೇ ಮೊದಲು.

ಮೆಲ್ಲಗೆ ಹಾಡು ಎನ್ನುತ್ತೀಯ. ಮೆಲ್ಲಗೆ ಹಾಡಿದರೆ ನನಗೇ ಕೇಳಿಸುವುದಿಲ್ಲ.

ಅಮ್ಮಣ್ಣಿ


402
10 ಆಗಸ್ಟ್ 2024

ಭಾವನಾಗೆ,

ಇವತ್ತಿನಿಂದ ಕ್ಲಾಸು ನಿಲ್ಲಿಸಿದ್ದೇನೆ. ಮಕ್ಕಳ ತಾಯಂದಿರಿಗೆ ಹೇಳಿ ಕಳಿಸಿದೆ.

ಕಾರಣ ನೀನಲ್ಲ. ಕಂಠ ಹೋಗಿದೆ. ಎಪ್ಪತ್ತಾಯಿತು, ಎಲ್ಲರಿಗೂ ಒಂದು ದಿನ ಹೋಗುತ್ತದೆ. ನನ್ನ ಗುರುಗಳಿಗೂ ಹೋಗಿತ್ತು. ಅವರು ಒಪ್ಪಿಕೊಳ್ಳದೆ ಸಭೆಯಲ್ಲಿ ಕೂತು ಹಾಡಿ, ಜನ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದೇನೆ. ಅಂಥದ್ದು ನನಗೆ ಬೇಡ.

ಸಹಿಯ ಮಾತು ಇನ್ನು ಉಳಿಯಲಿಲ್ಲ. ನಿನ್ನ ಕೆಲಸ ನೋಡಿಕೋ.

ಅಮ್ಮಣ್ಣಿ


302
13 ಆಗಸ್ಟ್ 2024

ಅಮ್ಮಣ್ಣಿಯವರಿಗೆ,

ಕಾಗದ ಓದಿ ಬೇಸರವಾಯಿತು. ವಿಶ್ರಾಂತಿ ತೆಗೆದುಕೊಳ್ಳಿ. ಬಿಸಿ ನೀರಿಗೆ ಉಪ್ಪು ಹಾಕಿ ಗಂಟಲು ತೊಳೆಯುವುದು ಒಳ್ಳೆಯದೆನ್ನುತ್ತಾರೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ನನ್ನ ಪಾಠಗಳೆಲ್ಲ ಒಪ್ಪಿಗೆಯಾಗಿವೆ. ಇನ್ನೂ ಎರಡು ತರಗತಿಗಳದ್ದು ಕಳಿಸಿದ್ದಾರೆ.

ಇನ್ನೊಂದು ವಿಷಯ ಬರೆಯಬೇಕೆಂದಿದ್ದೆ. ಸರಿಯಾಗಿ ತಿಳಿದುಕೊಂಡು ಬರೆಯುತ್ತೇನೆ.

ಭಾವನಾ


402
4 ಸೆಪ್ಟೆಂಬರ್ 2024

ಭಾವನಾಗೆ,

ಏನೋ ಬರೆಯುತ್ತೇನೆ ಎಂದಿದ್ದೆ, ಬರಲಿಲ್ಲ. ಕೆಲಸ ಹೆಚ್ಚಿರಬೇಕು. ಕೆಳಗಿನಿಂದ ನಿನ್ನ ದನಿ ದಿನವೂ ಕೇಳುತ್ತದೆ. ಮೊನ್ನೆ ಹೊಯ್ಸಳರ ಪಾಠ ಓದಿದೆ, ಚೆನ್ನಾಗಿತ್ತು. ಒಂದು ಕಡೆ ಉಸಿರು ತಪ್ಪು ಜಾಗದಲ್ಲಿ ತೆಗೆದುಕೊಂಡೆ.

ಇದನ್ನು ಬರೆಯುತ್ತಿರುವುದು ಒಂದು ಸೂಚನೆಗೆ. ಭಾನುವಾರ ಸಂಹಿತಾ ಟೆಂಪೋ ತರುತ್ತಾಳೆ. ನನ್ನ ತಂಬೂರಿ ಅವಳ ಮನೆಗೆ ಹೋಗುತ್ತದೆ. ದೊಡ್ಡದು, ಲಿಫ್ಟಿನಲ್ಲಿ ಎಲ್ಲಾದರೂ ತಾಗಿ ಬುರುಡೆ ಒಡೆದೀತು. ಮೆಟ್ಟಿಲಲ್ಲಿ ಇಳಿಸುವಾಗ ನಿನ್ನ ಬಾಗಿಲ ಮುಂದೆ ಗದ್ದಲವಾಗಬಹುದು. ರೆಕಾರ್ಡಿಂಗ್ ಇದ್ದರೆ ಬೇರೆ ಹೊತ್ತಿಗೆ ಇಟ್ಟುಕೋ. ಮರುದಿನದಿಂದ ನನ್ನ ಕಡೆಯಿಂದ ಯಾವ ಶಬ್ದವೂ ಇರುವುದಿಲ್ಲ.

ಗಣಪತಿ ಪೆಂಡಾಲಿನವರು ಈಗಾಗಲೇ ಗೇಟಿನ ಮುಂದೆ ಸ್ಪೀಕರ್ ಕಟ್ಟುತ್ತಿದ್ದಾರೆ. ಅವರಿಗೆ ಯಾರ ಸಹಿಯೂ ಬೇಕಿಲ್ಲ.

ಅಮ್ಮಣ್ಣಿ


302
5 ಸೆಪ್ಟೆಂಬರ್ 2024

ಅಮ್ಮಣ್ಣಿಯವರಿಗೆ,

ತಂಬೂರಿ ಕಳಿಸಬೇಡಿ. ಮೊದಲು ಇದನ್ನು ಓದಿ.

ನಿಮ್ಮ ಕಂಠಕ್ಕೆ ಏನೂ ಆಗಿಲ್ಲ. ಆಗಿರುವುದು ಕೋಣೆಗೆ. ನಾನು ಹಾಕಿಸಿದ ಪ್ಯಾನಲ್‌ಗಳು ಶಬ್ದವನ್ನು ಹೊರಗೆ ಹೋಗದಂತೆ ತಡೆಯುವುದಿಲ್ಲ. ಅದಕ್ಕೆ ದಪ್ಪ ಗೋಡೆ ಬೇಕು, ಭಾರ ಬೇಕು, ಮುಚ್ಚಿದ ಕಿಟಕಿ ಬೇಕು. ಇವು ಮಾಡುವುದು ಒಂದೇ ಕೆಲಸ. ಕೋಣೆಯೊಳಗೆ ಗೋಡೆಗೆ ತಾಗಿ ಹಿಂದಿರುಗುವ ದನಿಯನ್ನು ಹೀರುತ್ತವೆ. ನನ್ನಂತೆ ಮೈಕಿನ ಮುಂದೆ ಓದುವವರಿಗೆ ಅದು ಅನುಕೂಲ. ಹಾಡುವವರಿಗೆ ಹಾಗಲ್ಲ. ಹಾಡುವವರು ತಮ್ಮ ದನಿ ವಾಪಸು ಬರುವುದನ್ನು ಕೇಳಿಕೊಂಡೇ ಶ್ರುತಿ ಹಿಡಿಯುವುದಂತೆ, ದಮ್ಮು ಎಷ್ಟು ಬೇಕೆಂದು ಅಳೆಯುವುದಂತೆ. ವಾಪಸು ಬರದಿದ್ದರೆ ಗೊತ್ತಾಗದೆಯೇ ಜೋರು ಮಾಡುತ್ತಾರೆ, ಗಂಟಲು ಕೂರುತ್ತದೆ, ಶ್ರುತಿ ಜಾರುತ್ತದೆ. ನೀವು ಜುಲೈಯಲ್ಲಿ ಬರೆದ ಕಾಗದದಲ್ಲಿ ಇದೆಲ್ಲ ಇತ್ತು. ನಾನು ಅದನ್ನು ದೂರು ಎಂದು ಓದಿದೆ.

ಇದನ್ನು ಹೇಳಿದ್ದು ಮೋಹಿನಿ. ಹಾಡುವವರ ಕೋಣೆಗೆ ಹಾಕಿಸಿದೆ ಎಂದಾಗ "ಅಯ್ಯ, ಮೇಡಂ! ಅವರ ಗಂಟಲ ಕುಂತು ಹೋಗ್ತದಲ್ಲರಿ" ಎಂದು ನಕ್ಕರು. ಅವರು ಇದನ್ನು ಹೇಳಿದ್ದು ಯಾವಾಗ ಎಂದರೆ

ಆ ವಾಕ್ಯವನ್ನು ಮುಗಿಸಲಾಗುತ್ತಿಲ್ಲ. ಹಾಳೆ ಬದಲಾಯಿಸಿ ಬರೆದರೂ ಅಲ್ಲೇ ನಿಲ್ಲುತ್ತದೆ. ಹಾಗೇ ಬಿಟ್ಟಿದ್ದೇನೆ.

ದಯವಿಟ್ಟು ಆ ಕೋಣೆಯಿಂದ ಹೊರಗೆ ಬಂದು ಒಮ್ಮೆ ಹಾಡಿ ನೋಡಿ. ಬಚ್ಚಲುಮನೆಯಾದರೂ ಸರಿ.

ಭಾವನಾ


402
7 ಸೆಪ್ಟೆಂಬರ್ 2024

ಭಾವನಾ,

ಯಾವಾಗ ಎಂದು ನಾನು ಕೇಳುವುದಿಲ್ಲ. ನೀನೂ ಹೇಳಬೇಡ. ಕೇಳಿದರೆ ಮತ್ತೆ ಕಾಗದ ಬರೆಯುವ ಮನಸ್ಸಾಗಲಾರದು, ಮತ್ತೆ ಈ ಕಟ್ಟಡದಲ್ಲಿ ನನಗೆ ಕನ್ನಡದಲ್ಲಿ ಬರೆಯುವವರು ಬೇರೆ ಯಾರೂ ಇಲ್ಲ.

ಆದರೆ ನೀನು ಹೇಳಿದ್ದನ್ನು ನಂಬುವುದಿಲ್ಲ. ಮುದುಕಿಗೆ ಸಮಾಧಾನ ಹೇಳುವ ಮಾತಿನ ಹಾಗಿದೆ. ಕಾನ್ವೆಂಟಿನಲ್ಲಿ ಇದನ್ನು ಚೆನ್ನಾಗಿ ಕಲಿಸುತ್ತಾರೆ ಎಂದು ಕೇಳಿದ್ದೇನೆ. ಐವತ್ತು ವರ್ಷ ಹಾಡಿದವಳಿಗೆ ತನ್ನ ಗಂಟಲು ಯಾವುದು, ಗೋಡೆ ಯಾವುದು ಎಂದು ತಿಳಿಯದೆ?

ಬಚ್ಚಲುಮನೆಯಲ್ಲಿ ಹಾಡಬೇಕಂತೆ. ಸೋಪು ಹಚ್ಚಿಕೊಂಡು ಸಿನಿಮಾ ಹಾಡು ಹೇಳುವವಳು ಎಂದು ತಿಳಿದೆಯಾ?

ತಂಬೂರಿ ಮಾತ್ರ ನಾಳೆ ಹೋಗುವುದಿಲ್ಲ. ನಿನ್ನ ಮಾತಿಗೆ ನಿಲ್ಲಿಸಿದ್ದಲ್ಲ. ಗಣಪತಿ ಹಬ್ಬ ಮುಗಿಯುವ ತನಕ ರಸ್ತೆಯಲ್ಲಿ ಟೆಂಪೋ ಬಿಡುವುದಿಲ್ಲವಂತೆ. ಮುಂದಿನ ತಿಂಗಳು ನೋಡೋಣ.

ಅಮ್ಮಣ್ಣಿ


302
16 ಸೆಪ್ಟೆಂಬರ್ 2024

ಅಮ್ಮಣ್ಣಿಯವರಿಗೆ,

ನನಗೆ ಈಗ ನಿಜವಾಗಿ ಸಿಟ್ಟು ಬಂದಿದೆ. ಸಿಟ್ಟಿನಲ್ಲಿ ನಾನು ಸಾಮಾನ್ಯವಾಗಿ ಬರೆಯುವುದಿಲ್ಲ.

ಸಮಾಧಾನ ಹೇಳುವುದಿದ್ದರೆ ಇನ್ನೂ ಸುಲಭದ ಸುಳ್ಳು ಹುಡುಕುತ್ತಿದ್ದೆ. ನಿಮ್ಮ ಮಾತು ನಿಜವಾಗಿದ್ದರೆ ನನಗೇ ಲಾಭ. ಯೋಚಿಸಿ ನೋಡಿ. ನೀವು ಹಾಡದಿದ್ದರೆ ನನ್ನ ಕೆಲಸ ಉಳಿಯುತ್ತದೆ. ನೀವು ಹಾಡಲಿ ಎಂದು ನಾನು ಯಾಕೆ ಕಾಡಬೇಕು?

ಮಹಾಸಭೆ 29ಕ್ಕೆ. ಸಹಿಯ ಕಾಗದ ಕೊಡುವ ಕೊನೆಯ ದಿನ 27. ಆ ಹೊತ್ತಿಗೆ ನೀವು ಕ್ಲಾಸು ಬೇಕೋ ಬೇಡವೋ ಹೇಳದಿದ್ದರೆ ಬೇಡವೆಂದೇ ಬರೆದುಕೊಳ್ಳುತ್ತಾರೆ, ಆಮೇಲೆ ಯಾರು ಕೇಳಿದರೂ ಕೊಡುವುದಿಲ್ಲ. ಸೆಕ್ರೆಟರಿಯನ್ನು ಕೇಳಿಯೇ ಬರೆಯುತ್ತಿದ್ದೇನೆ.

ಸಾಯಬಣ್ಣನನ್ನು ಕರೆಸಿ ಪ್ಯಾನಲ್ ತೆಗೆಸಿಕೊಡುತ್ತೇನೆ. ಅಂಟು ಹಾಕಿದ್ದರಿಂದ ಗಾರೆಯೂ ಕಿತ್ತು ಬರುತ್ತದಂತೆ, ಅದನ್ನೂ ಸರಿ ಮಾಡಿಸುತ್ತೇನೆ. ನಿಮ್ಮ ಒಪ್ಪಿಗೆಯಿಲ್ಲದೆ ನಾನು ನಿಮ್ಮ ಗೋಡೆ ಮುಟ್ಟಲಾರೆ. ಒಂದು ಸಲ ಮುಟ್ಟಿ ಆದದ್ದು ಸಾಕು.

ಎಲ್ಲಾದರೂ ಹಾಡಿ. ನನಗೆ ಹೇಳುವುದೂ ಬೇಡ.

ಭಾವನಾ


402
23 ಸೆಪ್ಟೆಂಬರ್ 2024

ಭಾವನಾಗೆ,

ಬೆಳಗ್ಗೆ ಬ್ಯಾಂಕಿಗೆ ಹೊರಟೆ. ಲಿಫ್ಟು ಕೆಟ್ಟಿತ್ತು. ವಾಚ್‌ಮನ್ ಈಶ್ವರ ಕೆಳಗಿನಿಂದ, "ಅಮ್ಮಾರ, ಮಧ್ಯಾನ್ನದ ತನಕ ಬರಂಗಿಲ್ರಿ, ನಿಧಾನಕ್ಕ ಇಳೀರಿ" ಎಂದು ಕೂಗಿದ. ಆ ಕೂಗು ನಾಲ್ಕು ಮಹಡಿ ಹತ್ತಿ, ತಿರುಗಿ, ಮತ್ತೆ ಅವನ ತಲೆಯ ಮೇಲೇ ಇಳಿಯಿತು. ನಗು ಬಂತು. ಮೆಟ್ಟಿಲ ಕಂಬಿ ಹಿಡಿದು ಇಳಿದೆ. ನಿನ್ನ ಮಹಡಿಯ ತಿರುವಿನಲ್ಲಿ ಸುಧಾರಿಸಿಕೊಳ್ಳಲು ಕೂತೆ. ಕೆಮ್ಮು ಬಂತು. ಕೆಮ್ಮಿದೆ.

ಆ ಕೆಮ್ಮು ದೊಡ್ಡದಾಗಿ ಹಿಂದಿರುಗಿ ಬಂತು.

ಸುತ್ತ ನೋಡಿದೆ, ಯಾರೂ ಇರಲಿಲ್ಲ. ಮೆಲ್ಲಗೆ ಒಂದು ಷಡ್ಜ ಹಿಡಿದೆ. ಹೆಚ್ಚೇನೂ ದಮ್ಮು ಹಾಕಲಿಲ್ಲ. ಅದು ಹೋಯಿತು, ಬಂತು. ಪಂಚಮ ಹಿಡಿದೆ, ಬಂತು. ಮೇಲಿನ ಷಡ್ಜಕ್ಕೆ ಹೆದರುತ್ತ ಹೋದೆ. ಅಲ್ಲಿ ಒಂಚೂರು ಒಡೆಯಿತು, ಅದು ನನ್ನ ವಯಸ್ಸಿನದು, ಅದನ್ನು ನಿನ್ನ ಪ್ಯಾನಲ್ ಮೇಲೆ ಹಾಕುವುದಿಲ್ಲ. ಮಿಕ್ಕದ್ದೆಲ್ಲ ಇತ್ತು. ಆಮೇಲೆ ಕಲ್ಯಾಣಿಯನ್ನು ಸ್ವಲ್ಪ ಎಳೆದೆ. ಸ್ವಲ್ಪ ಅಂದರೆ, ಎರಡನೆಯ ಮಹಡಿಯ ಹೆಂಗಸು ಬಾಗಿಲು ತೆರೆದು "ಆಂಟೀಜಿ, ಸಬ್ ಠೀಕ್?" ಎಂದು ಕೇಳುವ ತನಕ.

ನಿನ್ನ ಬಾಗಿಲು ಮಾತ್ರ ಮುಚ್ಚಿತ್ತು. ರೆಕಾರ್ಡಿಂಗ್ ಇತ್ತೇನೋ. ಕೆಡಿಸಿದ್ದರೆ ಕೆಡಿಸಿದೆ, ಕ್ಷಮೆ ಕೇಳುವುದಿಲ್ಲ.

ಸಾಯಬಣ್ಣನನ್ನು ಕರೆಸು. ಅವನು ನನ್ನನ್ನು ಅಜ್ಜಿ ಎನ್ನದ ಹಾಗೆ ಹೇಳು. ಕ್ಲಾಸು ಬೇಕು ಎಂದು ಸೆಕ್ರೆಟರಿಗೆ ಬರೆದುಕೊಟ್ಟಿದ್ದೇನೆ. ಮೇಲಿನವರ, ಪಕ್ಕದವರ ಸಹಿ ಆಗಿದೆ. ನಿನ್ನದು ನಿನಗೆ ಬಿಟ್ಟದ್ದು. ನಿನ್ನ ಕೆಲಸ ಹೋಗುತ್ತದೆ ಎಂದು ನನಗೆ ಗೊತ್ತು. ಹಾಕು ಎಂದು ಕೇಳಲು ನಾಲಿಗೆ ಬರುತ್ತಿಲ್ಲ, ಬೇಡ ಎನ್ನಲೂ ಬರುತ್ತಿಲ್ಲ.

ಅಮ್ಮಣ್ಣಿ


302
24 ಸೆಪ್ಟೆಂಬರ್ 2024

ಅಮ್ಮಣ್ಣಿಯವರಿಗೆ,

ರೆಕಾರ್ಡಿಂಗ್ ಇರಲಿಲ್ಲ. ಬಾಗಿಲ ಹಿಂದೆಯೇ ನಿಂತಿದ್ದೆ. ಕೆಮ್ಮು ಕೇಳಿ ಯಾರಿಗೋ ನೀರು ಬೇಕೇನೋ ಎಂದು ಬಂದವಳು, ಚಿಲಕದ ಮೇಲೆ ಕೈಯಿಟ್ಟಾಗ ನೀವು ಷಡ್ಜ ಹಿಡಿದಿರಿ. ತೆರೆದಿದ್ದರೆ ನೀವು ನಿಲ್ಲಿಸಿ, "ಏನಿಲ್ಲಮ್ಮ, ಬ್ಯಾಂಕಿಗೆ ಹೊರಟಿದ್ದೆ" ಎಂದು ಇಳಿದು ಹೋಗುತ್ತಿದ್ದಿರಿ. ಅದಕ್ಕೆ ತೆರೆಯಲಿಲ್ಲ. ಮೇಲಿನ ಷಡ್ಜ ಒಂಚೂರು ಒಡೆಯಿತು. ನೀವು ಅದನ್ನು ದಾಟಿ ಹೋದಿರಿ.

ಸಹಿ ಹಾಕಿ ಸೆಕ್ರೆಟರಿಯ ಕೈಗೇ ಕೊಟ್ಟು ಬಂದೆ. "ಅರೇ ಮೇಡಂ, ಪಹಲೇ ತೋ ಆಪ್ ಹೀ..." ಎಂದು ಶುರುಮಾಡಿದರು. ಹೌದು, ಮೊದಲು ಸಹಿ ಹಾಕದೆ ನಿಂತವಳು ನಾನೇ ಎಂದೆ.

ಮುಂದಿನ ತಿಂಗಳಿಂದ ನಾನು ಮಲಾಡಿನ ಸ್ಟುಡಿಯೋಗೆ ಹೋಗಿ ಓದುತ್ತೇನೆ. ಮೋಹಿನಿ ಬೆಳಗಿನ ಹೊತ್ತು ಕೊಡಿಸಿದ್ದಾರೆ, ಪಾಠಗಳು ಮೊದಲಿನ ಅರ್ಧದಷ್ಟೇ ಸಿಗುತ್ತವೆ. ನೂಕುನುಗ್ಗಲಿನ ಲೋಕಲ್ ರೈಲು ಬೇಡವೆಂದೇ ವಿಕ್ರೋಳಿಯ ಕೆಲಸ ಬಿಟ್ಟವಳು ಮತ್ತೆ ಅದೇ ಹೊತ್ತಿಗೆ ಸ್ಟೇಷನ್ನಿನಲ್ಲಿ ನಿಲ್ಲಬೇಕು. ಇದನ್ನು ತ್ಯಾಗ ಎಂದು ತಿಳಿಯಬೇಡಿ, ಶಿಷ್ಯರ ಮುಂದೆ ಹಾಗೆ ಹೇಳಲೂ ಬೇಡಿ. ನನಗೆ ಇದರಲ್ಲಿ ಸಾಕಷ್ಟು ಕಿರಿಕಿರಿ ಇದೆ. ನೀವು ಸುಮ್ಮನಿದ್ದ ಆ ದಿನಗಳಲ್ಲಿ ನಾನು ಈ ಎರಡು ವರ್ಷದಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಓದಿದೆ. ಆ ಮೌನ ನನಗೆ ಇಷ್ಟವಾಗಿತ್ತು. ಅದು ಎಲ್ಲಿಂದ ಬಂತೆಂದು ಗೊತ್ತಾದ ಮೇಲೂ ಕೆಲವು ದಿನ ಇಷ್ಟವಾಗಿಯೇ ಇತ್ತು. ಯಾವಾಗ ಎಂದು ಹೇಳಬೇಡ ಎಂದಿರಿ, ಹೇಳುವುದಿಲ್ಲ. ಆದರೆ ಇಷ್ಟನ್ನಾದರೂ ಬರೆಯದಿದ್ದರೆ ಈ ಕಾಗದ ಸುಳ್ಳಾಗುತ್ತದೆ.

ಸಾಯಬಣ್ಣ ನಾಳೆ ಹತ್ತು ಗಂಟೆಗೆ ಬರುತ್ತಾನೆ. ಈ ಪ್ಯಾನಲ್‌ಗಳನ್ನು ಬೋರಿವಲಿಯ ಯಾವುದೋ ತಬಲಾ ಕ್ಲಾಸಿಗೆ ಹಾಕುತ್ತಾನಂತೆ. ಬೇಡವೆಂದು ವಿವರಿಸಿದೆ. "ನೀವೇನ್ ಚಿಂತಿ ಮಾಡಬ್ಯಾಡ್ರಿ ಅಕ್ಕಾರ" ಎಂದ.

ಅವನ ಜೊತೆ ನಾನೂ ಬರುತ್ತೇನೆ. ನಿಮ್ಮ ಬಾಗಿಲು ತೆರೆದಾಗ ಏನು ಹೇಳಬೇಕೆಂದು ಇಲ್ಲಿಯವರೆಗೆ ಹೊಳೆದಿಲ್ಲ. ನೀವೇ ಮೊದಲು ನಾಲ್ಕು ಮಾತು ಬೈದುಬಿಡಿ. ಆಮೇಲಿನದು ನನಗೆ ಸುಲಭವಾಗುತ್ತದೆ.

ಭಾವನಾ